ಒಂದು ಕಾಯಿ ಹೆಚ್ಚು

ಆಟವೆಂದರೆ ಹೊತ್ತು ಹಾಳು ಎಂದು ಮಕ್ಕಳನ್ನು ಗದರುವವರು ನಾವು. ರೋಮನ್ನರೂ ಹಾಗೆಯೇ ಗದರುತ್ತಿದ್ದರೋ ಏನೋ, ಆಟವಂತೂ ನಿಲ್ಲಲಿಲ್ಲ. ರೋಮಿನ ಬೆಸಿಲಿಕಾ ಜೂಲಿಯಾದಲ್ಲಿ ನ್ಯಾಯಾಲಯ ಸೇರುತ್ತಿತ್ತು. ಅದರ ಮೆಟ್ಟಿಲುಗಳ ಮೇಲೆ ಜನ ಕೊರೆದ ಆಟದ ಮನೆಗಳು ಇಂದಿಗೂ ಉಳಿದಿವೆ.

ಜೂಜಿಗೆ ಅಲ್ಲಿ ಕಾನೂನಿನ ನಿಷೇಧವಿತ್ತು, ಡಿಸೆಂಬರಿನ ಸ್ಯಾಟರ್ನೇಲಿಯಾ ಹಬ್ಬಕ್ಕೆ ಮಾತ್ರ ವಿನಾಯಿತಿ. ಆದರೆ ಚಕ್ರವರ್ತಿ ಅಗಸ್ಟಸ್ ಹಬ್ಬವಿಲ್ಲದ ದಿನಗಳಲ್ಲೂ ದಾಳ ಉರುಳಿಸುತ್ತಿದ್ದ. ದೊರೆಯನ್ನು ಕೇಳುವವರಾರು!

ಮದ್ಯದೊಂದಿಗೆ ಜೂಜನ್ನೂ ಕುರ್‌ಆನ್ ನಿಷೇಧಿಸಿದೆ ಎಂದು ಕೇಳುತ್ತಲೇ ಬೆಳೆದ ನಮಗೆ ದಾಳದ ಕತೆಯಲ್ಲಿ ಹೊಸದೇನಿಲ್ಲ. ನಮ್ಮನ್ನು ತಡೆದು ನಿಲ್ಲಿಸುವುದು ದಾಳವೇ ಇಲ್ಲದ ಲಾತ್ರುಂಕುಲಿ ಎಂಬ ಆಟ. ಗಾಜಿನ ಅಥವಾ ಮೂಳೆಯ ಕಾಯಿಗಳು. ಎದುರಾಳಿಯ ಕಾಯಿಯನ್ನು ನಮ್ಮ ಎರಡು ಕಾಯಿಗಳ ನಡುವೆ ಸಿಕ್ಕಿಸಿದರೆ ಅದು ಸೆರೆ. ಅದೃಷ್ಟಕ್ಕೆ ಕೆಲಸವಿಲ್ಲ, ಬುದ್ಧಿಗೆ ಮಾತ್ರ.

ಕ್ರಿ.ಶ. 37ರಿಂದ 41ರವರೆಗೆ ಆಳಿದ ಕಾಲಿಗುಲಾ, ಜೂಲಿಯಸ್ ಕಾನಸ್ ಎಂಬಾತನಿಗೆ ಮರಣದಂಡನೆ ವಿಧಿಸಿದ. ನಡುವೆ ಹತ್ತು ದಿನಗಳಿದ್ದವು. ಸೈನ್ಯಾಧಿಕಾರಿ ಕರೆದೊಯ್ಯಲು ಬಂದಾಗ ಕಾನಸ್ ಗೆಳೆಯನೊಡನೆ ಈ ಆಟದಲ್ಲಿ ಕುಳಿತಿದ್ದನೆಂದು ತತ್ವಜ್ಞಾನಿ ಸೆನೆಕಾ ಬರೆದಿದ್ದಾನೆ. ಇದು ಬರಿಯ ಜಂಭವೆಂದು ಕೆಲವರಿಗೆ ತೋರಬಹುದು, ನಮಗೆ ಹಾಗನ್ನಿಸದು. ಕಾನಸ್ ಎದ್ದವನೇ ಕಾಯಿಗಳನ್ನು ಎಣಿಸಿದ. ನಾನು ಸತ್ತ ಮೇಲೆ ಗೆದ್ದೆನೆಂದು ಸುಳ್ಳು ಹೇಳಬೇಡ ಎಂದು ಗೆಳೆಯನಿಗೆ ಹೇಳಿದ. ಬಳಿಕ ಆ ಅಧಿಕಾರಿಯ ಕಡೆ ತಿರುಗಿ, ತನ್ನದು ಒಂದು ಕಾಯಿ ಹೆಚ್ಚಿದೆ, ಇದಕ್ಕೆ ನೀನೇ ಸಾಕ್ಷಿ ಎಂದ.