ಪೋಸ್ಟರ್‌ನಲ್ಲಿ ಕಾಣದ್ದು

ಪೋಸ್ಟರ್, ಟ್ರೇಲರ್ ನೋಡಿ ಸಿನಿಮಾ ಹೇಗಿದೆ ಅಂತ ಹೇಳಬಹುದಾ? 'ಆಪ್ತಮಿತ್ರ' ಬಂದದ್ದು 2004ರಲ್ಲಿ. ಅದರ ಮುಂದಿನ ಭಾಗ 'ಆಪ್ತರಕ್ಷಕ' 2010ರ ಫೆಬ್ರವರಿಯಲ್ಲಿ ಬಂತು. ಎರಡಕ್ಕೂ ಪಿ. ವಾಸು ಅವರೇ ನಿರ್ದೇಶಕರು. ಮೊನ್ನೆ ಅವ್ವನ ಫೋನಿನಲ್ಲಿ ಎರಡನೆಯದರ ಪೋಸ್ಟರ್ ನೋಡಿದೆ. ಕತ್ತಿ ಹಿಡಿದ ರಾಜ, ಅದೇ ನಾಗವಲ್ಲಿ ಹೆಸರು. ಹಳೇ ಭಯವನ್ನೇ ಮತ್ತೆ ಮಾರುತ್ತಿದ್ದಾರೆ ಅನ್ನಿಸಿತು.

ಅವ್ವ ಮಾತ್ರ ಕಣ್ಣು ಒರೆಸಿಕೊಂಡಳು. ಮೈಸೂರಿನಲ್ಲೇ ಹುಟ್ಟಿದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲೇ ತೀರಿಕೊಂಡರು. ಸಿನಿಮಾ ಬಿಡುಗಡೆಯಾದಾಗ ಅವರಿರಲಿಲ್ಲ.

"ನಾವು ಮೈಸೂರಿಗೆ ಹೋಗಿದ್ದು ದೆವ್ವ ನೋಡೋಕಲ್ಲ ಕಣ್ಮಗ, ಅವ್ರನ್ನ ಕೊನೇ ಸಲ ನೋಡೋಕೆ" ಅಂದಳು.

ಕಥೆ ಎಷ್ಟು ಹೆದರಿಸುತ್ತೆ ಅಂತ ಪೋಸ್ಟರ್ ಹೇಳಬಹುದು. ಜನ ಯಾಕೆ ಅಳುತ್ತಾರೆ ಅಂತ ಹೇಳೋದಿಲ್ಲ. ಅದಕ್ಕೆ ನೋಡಿದವರನ್ನೇ ಕೇಳಬೇಕು. ನಿಮ್ಮ ಮನೆಯಲ್ಲೂ ಕೇಳಿ ನೋಡಿ.