ಅತಿಭಾರ

ಬಂದರಿನಲ್ಲಿ ನಿಂತ ಸರಕು ಹಡಗಿನ ಮಗ್ಗುಲಲ್ಲಿ ಒಂದು ವೃತ್ತವೂ ಅದನ್ನು ಸೀಳಿ ಹಾಯ್ದ ಒಂದು ಅಡ್ಡಗೆರೆಯೂ ಕಾಣುತ್ತವೆ. ಆ ಗೆರೆ ನೀರಿನಲ್ಲಿ ಮುಳುಗುವಷ್ಟು ಭಾರವನ್ನು ಹೇರಬಾರದೆಂಬುದು ನಿಯಮ. ಇದಕ್ಕೆ ಪ್ಲಿಮ್ಸಾಲ್ ರೇಖೆಯೆಂದು ಹೆಸರು. ಅಸಂಖ್ಯ ನಾವಿಕರು ಜಲಸಮಾಧಿಯಾದ ಮೇಲೆ ಈ ಗೆರೆ ಹುಟ್ಟಿತು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೀರ್ಣವಾದ ಹಡಗಿಗೆ ಅದರ ಬೆಲೆಗಿಂತ ಅಧಿಕ ವಿಮೆ ಮಾಡಿಸಿ, ಕಂಠಮಟ್ಟ ಸರಕು ತುಂಬಿ ಕಳುಹಿಸುವ ಒಡೆಯರಿದ್ದರು. ದಡ ಸೇರಿದರೆ ಸಾಗಣೆಯ ಲಾಭ, ಮುಳುಗಿದರೆ ವಿಮೆಯ ಹಣ. ಜನರು ಇವನ್ನು ಶವಪೆಟ್ಟಿಗೆಯ ಹಡಗುಗಳೆಂದು ಕರೆದರು. ಕರಾರಿಗೆ ಸಹಿ ಹಾಕಿದ ಬಳಿಕ ಹಡಗಿನ ಸ್ಥಿತಿಯನ್ನು ಕಂಡು ಹತ್ತಲೊಲ್ಲದ ನಾವಿಕನಿಗೆ ಸೆರೆಮನೆ ಕಾದಿತ್ತು. ಹೇರಿದವನು ಮನೆಯಲ್ಲಿ, ಹೆದರಿದವನು ಸೆರೆಯಲ್ಲಿ! 1866ರ ಜನವರಿಯಲ್ಲಿ ಮೆಲ್ಬರ್ನ್‌ಗೆ ಹೊರಟ 'ಲಂಡನ್' ಎಂಬ ಹಡಗು ಬಿಸ್ಕೆ ಕೊಲ್ಲಿಯಲ್ಲಿ ಮುಳುಗಿತು. ಹಡಗಿನ ಮೇಲಿನ ಭಾರ ಅತಿಯಾಗಿತ್ತೆಂಬ ಆಕ್ಷೇಪ ಆಗಲೇ ಎದ್ದಿತು. ಇನ್ನೂರಕ್ಕೂ ಮಿಕ್ಕಿ ಜನ ಸತ್ತರು; ಒಂದು ದೋಣಿಯಲ್ಲಿ 19 ಮಂದಿ ಪಾರಾದರು.

ಹಡಗಿನ ಅಟ್ಟಕ್ಕೂ ನೀರಿಗೂ ನಡುವಿನ ಅಂತರವೇ ಅದರ ಪ್ರಾಣ. ಅಂತರವಿದ್ದರೆ ಅಲೆ ಬಡಿದರೂ ಹಡಗು ಮತ್ತೆ ಮೇಲೇಳುತ್ತದೆ. ಅದು ಕುಗ್ಗಿದರೆ ಒಂದು ಅಲೆಯ ನೀರು ಹರಿದುಹೋಗುವ ಮೊದಲೇ ಇನ್ನೊಂದು ಅಲೆ ಏರುತ್ತದೆ. ಚಳಿಗಾಲದ ಅಟ್ಲಾಂಟಿಕ್ ಉಗ್ರವಾದುದರಿಂದ ಅಲ್ಲಿಗೆ ಗೆರೆ ಕೆಳಗೆ; ಉಷ್ಣವಲಯದ ಸಮುದ್ರಕ್ಕೆ ತುಸು ಮೇಲೆ.

ಈ ಗೆರೆಗಾಗಿ ಹೋರಾಡಿದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಕಲ್ಲಿದ್ದಲಿನ ವ್ಯಾಪಾರಿ, ಡರ್ಬಿ ನಗರದ ಸಂಸತ್ಸದಸ್ಯ. ವ್ಯಾಪಾರ ಕೆಟ್ಟು ದಾರಿದ್ರ್ಯವನ್ನೂ ಕಂಡಿದ್ದವನು. 1873ರಲ್ಲಿ ನಾವಿಕರ ಪರವಾಗಿ ಪುಸ್ತಕವೊಂದನ್ನು ಹೊರತಂದು ಮಾನನಷ್ಟ ಮೊಕದ್ದಮೆಗೂ ಗುರಿಯಾದನು. 1875ರ ಜುಲೈ 22ರಂದು ಸರಕಾರವು ಮಸೂದೆಯನ್ನು ಕೈಬಿಟ್ಟಾಗ ಸಭೆಯಲ್ಲೇ ಮುಷ್ಟಿ ಬೀಸಿ, ಸದಸ್ಯರನ್ನು ದುಷ್ಟರೆಂದು ಜರೆದನು. ವಾಕ್ಸಂಯಮದ ದೃಷ್ಟಿಯಿಂದ ಇದು ಮೆಚ್ಚತಕ್ಕ ನಡತೆಯಲ್ಲ. ಅವನು ಅನಂತರ ಕ್ಷಮೆಯನ್ನೂ ಕೇಳಿದನು. ಆದರೂ ನಾಡೆಲ್ಲ ಅವನ ಬೆನ್ನಿಗೆ ನಿಂತಿತು. 1876ರಲ್ಲಿ ಗೆರೆ ಕಡ್ಡಾಯವಾಯಿತು.

ಕಡ್ಡಾಯವೇನೋ ಆಯಿತು, ಎಲ್ಲಿ ಎಳೆಯಬೇಕೆಂಬುದನ್ನು ಮಾತ್ರ ಒಡೆಯನಿಗೇ ಬಿಡಲಾಯಿತು! ಒಬ್ಬನು ಅದನ್ನು ಹೊಗೆಕೊಳವೆಯ ಮೇಲೆ ಬರೆಸಿದನೆಂಬ ಕಥೆ ಹುಟ್ಟಿಕೊಂಡಿತು. ಶಾಸನವೇ ಸ್ಥಾನವನ್ನು ನಿಗದಿಮಾಡಿದ್ದು 1890ರಲ್ಲಿ. ಶ್ರಾವಕನೂ ತನ್ನ ಪರಿಗ್ರಹದ ಪರಿಮಾಣವನ್ನು ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಹೊಗೆಕೊಳವೆಯ ಎತ್ತರಕ್ಕೆ ಗೆರೆ ಎಳೆದುಕೊಂಡು ವ್ರತಿಯೆನಿಸಿಕೊಳ್ಳುವುದು ಅವನಿಗೂ ಕಷ್ಟವೇನಲ್ಲ.

ಉಮಾಸ್ವಾಮಿಗಳು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎಣಿಸಿದ್ದಾರೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಅಹಿಂಸೆಯ ಅತಿಚಾರಗಳಲ್ಲಿ ಹೇಳಿದ್ದಲ್ಲದೆ, ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿಯೂ ಅತಿಭಾರವಹನವೆಂದು ಮತ್ತೊಮ್ಮೆ ಹೆಸರಿಸಿದ್ದಾರೆ. ಎತ್ತಿನ ಬೆನ್ನು ಬಾಗುವುದು ಹಿಂಸೆಯ ಲೆಕ್ಕಕ್ಕೆ. ಇನ್ನೊಂದು ಮೂಟೆಯಿರಲಿ ಎಂದ ಮನಸ್ಸು ಲೋಭದ ಲೆಕ್ಕಕ್ಕೆ. ಹೇರಿದ ಕೈ ಒಂದೇ. ಶವಪೆಟ್ಟಿಗೆಯ ಹಡಗುಗಳ ಒಡೆಯರಲ್ಲಿ ಯಾರೂ ನಾವಿಕನನ್ನು ಕೈಯಾರೆ ಕೊಂದವರಲ್ಲ. ಅವರು ಸರಕನ್ನಷ್ಟೇ ತುಂಬಿಸಿದ್ದರು.

ಅದೇ 1890ರಲ್ಲಿ ಪ್ಲಿಮ್ಸಾಲನು ಜಾನುವಾರು ಹಡಗುಗಳ ಕುರಿತು ಇನ್ನೊಂದು ಪುಸ್ತಕವನ್ನು ಪ್ರಕಟಿಸಿದನು. ಅಟ್ಲಾಂಟಿಕ್ ದಾಟಿಸುವ ದನಗಳನ್ನು ಹಡಗುಗಳಲ್ಲಿ ಒತ್ತೊತ್ತಾಗಿ ತುಂಬುತ್ತಿದ್ದುದನ್ನೂ ಅವು ಪಡುತ್ತಿದ್ದ ಯಾತನೆಯನ್ನೂ ಬಯಲಿಗೆಳೆದನು. ಗೆರೆಯ ಕಥೆ ಹೇಳುವವರು ಈ ಪುಸ್ತಕವನ್ನು ಹೆಚ್ಚಾಗಿ ನೆನೆಯುವುದಿಲ್ಲ.

2019ರ ನವೆಂಬರಿನಲ್ಲಿ ರುಮೇನಿಯದ ಮಿಡಿಯಾ ಬಂದರಿನಿಂದ ಹೊರಟ 'ಕ್ವೀನ್ ಹಿಂದ್' ಎಂಬ ಹಡಗು ದಡದ ಸಮೀಪದಲ್ಲೇ ಮಗುಚಿತು. ಅದರಲ್ಲಿದ್ದುವೆಂದು ದಾಖಲೆ ತೋರಿಸಿದ ಕುರಿಗಳು 14,000ಕ್ಕೂ ಹೆಚ್ಚು. ನಾವಿಕರೆಲ್ಲರೂ ಬದುಕಿದರು, ಕುರಿಗಳಲ್ಲಿ ಉಳಿದವು ಸುಮಾರು 180. ಕೆಲವು ತಿಂಗಳ ಬಳಿಕ ಹಡಗನ್ನು ತೆರವುಗೊಳಿಸುತ್ತಿದ್ದವರು ಅದರೊಳಗೆ ಗುಪ್ತ ಅಂತಸ್ತುಗಳನ್ನು ಕಂಡುದಾಗಿ ತಿಳಿಸಿದರು. ಅಲ್ಲಿಯೂ ಸತ್ತ ಕುರಿಗಳಿದ್ದುವು.