ಪಂಚಗಂಗೆಯ ದಂಡೆಗುಂಟ

ನಿಪ್ಪಾಣಿ ಮಾರ್ಗವಾಗಿ ಕುಂಭೋಜ ಬಾಹುಬಲಿಯ ದರ್ಶನಕ್ಕೆ ಹೋಗುವ ವಾಚಕ ಬಂಧುಗಳು ಕೊಲ್ಹಾಪುರ ದಾಟಿದೊಡನೆ ಶಿರೋಲಿಯ ಹತ್ತಿರ ಪಂಚಗಂಗೆಯ ಸೇತುವೆ ದಾಟುತ್ತಾರೆ. ಅಲ್ಲಿ ಇಳಿದು ನೋಡುವವರು ಕಡಿಮೆ. ಕಳೆದ ಬೇಸಿಗೆಯ ಕೊನೆಗೆ ನಾವು ಬೀಗರೊಡನೆ ಕಸಬಾ ಬಾವಡಾದ ರಾಜಾರಾಮ ಬಂಧಾರೆಯಿಂದ ದಂಡೆಗುಂಟ ನಡೆದು ಬಂದೆವು. ಎರಡೂ ಬದಿಗೆ ಕಬ್ಬಿನ ಹೊಲಗಳು.

ಗಡಹಿಂಗ್ಲಜದ ಹಿರಣ್ಯಕೇಶಿ ಹೊಳೆಯಲ್ಲಿಯೂ ಇಂಥ ಬಂಧಾರೆಗಳಿವೆ. ಇವಕ್ಕೆ ಕೊಲ್ಹಾಪುರ ಮಾದರಿ ಎಂದೇ ಹೆಸರು. ಕಲ್ಲಿನ ಕಂಬಗಳ ನಡುವೆ ಎರಡು ಸಾಲು ಹಲಗೆ ಇಳಿಸಿ, ಸಾಲುಗಳ ನಡುವೆ ಮಣ್ಣು ತುಂಬುತ್ತಾರೆ. ಮಳೆಗಾಲ ಮುಗಿದ ಮೇಲೆ ಹೀಗೆ ನೀರು ತಡೆದು, ಮುಂದಿನ ಮಳೆಗೆ ಮೊದಲೇ ಹಲಗೆ ತೆಗೆಯುತ್ತಾರೆ. ತೆಗೆಯದಿದ್ದರೆ ಮಹಾಪೂರದ ನೀರು ಕಂಬಗಳ ನಡುವೆ ಹರಿಯಲಾರದೆ ಅಕ್ಕಪಕ್ಕದ ಹೊಲಗಳಿಗೆ ನುಗ್ಗುತ್ತದೆ. ನೀರು ಕೂಡಿಡುವುದು ಹೇಗೆ ಕೆಲಸವೋ, ಹೊತ್ತಿಗೆ ಸರಿಯಾಗಿ ಅದಕ್ಕೆ ದಾರಿ ಬಿಡುವುದೂ ಹಾಗೆಯೇ ಕೆಲಸ.

ಮುಂದೆ ಶಿರೋಲಿಗೆ ಬಂದರೆ ಹೆದ್ದಾರಿಯ ಎತ್ತರದ ಏರಿ ತಗ್ಗು ಹೊಲಗಳಿಗೆ ಅಡ್ಡಲಾಗಿ ನಿಂತಿದೆ. ಪೂರ ಬಂದಾಗ ನೀರಿಗೆ ಸೇತುವೆ, ಮೋರಿಗಳೇ ದಾರಿ. ರಾಜಾರಾಮ ಬಂಧಾರೆಯಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. 2019ರ ಆಗಸ್ಟದಲ್ಲಿ ನೀರು 55 ಅಡಿ ದಾಟಿತು. ಹೆದ್ದಾರಿ ಹಲವು ದಿನ ಬಂದಾಗಿ ಮಾಲಿನ ಲಾರಿಗಳು ಸಾಲುಗಟ್ಟಿ ನಿಂತವು. 2021ರ ಜುಲೈದಲ್ಲಿಯೂ ಹೀಗೆಯೇ ಆಯಿತು. ಕೆಳಗಿನ ಇಚಲಕರಂಜಿಯಲ್ಲಿ ನದಿ ಬದಿಯ ಓಣಿಗಳಿಗೆ ನೀರು ನುಗ್ಗಿತು.

ನಮ್ಮ ಅಳಿಯಂದಿರು ಹೊಳೆಯ ಸಮೀಪ ಅಗ್ಗದ ಜಾಗವೊಂದು ಬಂದಿದೆ, ಗೋದಾಮಿಗೆ ತೆಗೆದುಕೊಳ್ಳೋಣವೇ ಎಂದು ಕೇಳಿದ್ದರು. ಜಾಗದ ನಡುವಿನ ಹಳೆಯ ನಾಲೆಯನ್ನು ಮುರುಮು ಹಾಕಿ ಮುಚ್ಚಿದ್ದರು. ಒಣಗಿದ ದಿನದಲ್ಲಿ ನೋಡಿದರೆ ಸಪಾಟು ನೆಲ, ಬೆಲೆಯೂ ಕಡಿಮೆ. ದಂಡೆ ನಡೆದು ಬಂದ ಮೇಲೆ, ಬೇಡವೆಂದು ಅವರಿಗೆ ಹೇಳಿದೆವು. ನಾಲೆ ಮುಚ್ಚಿದರೆ ನಮ್ಮ ಮಾಲು ನೆನೆಯುವುದಷ್ಟೇ ಅಲ್ಲ, ಮೇಲಿನ ಒಕ್ಕಲಿಗನ ಹೊಲವೂ ಮುಳುಗುತ್ತದೆ.

ಮಹಾರಾಷ್ಟ್ರದಲ್ಲಿ ಹೊಳೆಗಳಿಗೆ ನೀಲಿ ಗೆರೆ, ಕೆಂಪು ಗೆರೆ ಎಂದು ಪೂರದ ಎರಡು ಗೆರೆ ಗುರುತಿಸುತ್ತಾರೆ. ಸುಮಾರು 25 ವರ್ಷಕ್ಕೊಮ್ಮೆ ಬರುವ ಪೂರಕ್ಕೆ ನೀಲಿ, 100 ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು. ಅಂಗಡಿ, ಗೋದಾಮು, ಮನೆ ಕಟ್ಟಿಸುವ ಬಂಧುಗಳು ಉತಾರ ನೋಡುವಂತೆಯೇ ಈ ಗೆರೆಗಳನ್ನೂ ನೋಡಬೇಕು. 2005, 2019ರಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಊರಿನ ಹಿರಿಯರನ್ನು ಕೇಳಬೇಕು. ಕರಾರುಪತ್ರಕ್ಕೆ ಸಹಿ ಮಾಡುವ ಮೊದಲೇ ಕೇಳುವುದು ಒಳ್ಳೆಯದು.